ಉಂಗುರದ ಜಾಡು ಹಿಡಿದು: ಆಕ್ಸ್‌ಫರ್ಡ್, ಲಿಸ್ಬನ್, ವಿಂಬಲ್ಡನ್

ಆಕ್ಸ್‌ಫರ್ಡಿನ ಮರ್ಟನ್ ಬೀದಿಗೆ ಇಂದಿಗೂ ಡಾಂಬರು ಬಿದ್ದಿಲ್ಲ. ಉರುಟುಗಲ್ಲು ಹಾಸಿದ ಆ ಕಿರುದಾರಿಯಲ್ಲಿ ನಡೆದರೆ ಪಾದಕ್ಕೆ ಒಂದೊಂದು ಕಲ್ಲೂ ತಿಳಿಯುತ್ತದೆ. ಒಂದು ಬದಿಗೆ ಮರ್ಟನ್ ಕಾಲೇಜಿನ ಗೋಡೆ, ಎದುರು ಬದಿಗೆ ಬೀಮ್ ಹಾಲ್ ಎಂಬ ಹಳೆಯ ಮನೆ. ಪ್ರವಾಸಿಗಳ ಗುಂಪುಗಳು ಅದರ ಮುಂದೆ ನಿಲ್ಲದೆ ಸಾಗಿಹೋಗುತ್ತಿದ್ದವು. ನಾನು ನಿಂತುಬಿಟ್ಟೆ. ಸುಮಾರು ಮುನ್ನೂರ ಅರವತ್ತು ವರ್ಷಗಳ ಹಿಂದೆ ಥಾಮಸ್ ವಿಲ್ಲಿಸ್ ಎಂಬ ವೈದ್ಯ ವಾಸವಿದ್ದ ಮನೆ ಅದು. ನನ್ನ ಕೆಲಸದ ಕೋಣೆಯಲ್ಲಿ ಆತನ ಹೆಸರು ಕೇಳಿಬರದ ದಿನವೇ ಕಡಿಮೆ.

ಶಿವಮೊಗ್ಗ ಸೀಮೆಯ ಆಸ್ಪತ್ರೆಯೊಂದರಲ್ಲಿ ಸಿಟಿ ಸ್ಕ್ಯಾನ್ ಯಂತ್ರ ನಡೆಸುವ ಟೆಕ್ನಿಶಿಯನ್ ನಾನು. ಮಿದುಳಿನ ರಕ್ತನಾಳಗಳ ಚಿತ್ರ ತೆಗೆಯುವ ಸಿಟಿ ಆ್ಯಂಜಿಯೊ ನನಗೆ ನಿತ್ಯದ ಕೆಲಸ. ಕತ್ತಿನ ಮುಂದುಗಡೆ ಎರಡು ಕೆರೋಟಿಡ್ ಧಮನಿಗಳು. ಹಿಂದುಗಡೆ, ಕತ್ತಿನ ಮೂಳೆಗಳ ರಂಧ್ರಗಳಲ್ಲಿ ನುಸುಳಿ ಮೇಲೇರುವ ಎರಡು ವರ್ಟಿಬ್ರಲ್ ಧಮನಿಗಳು. ಹೀಗೆ ನಾಲ್ಕು ದಾರಿಯಲ್ಲಿ ರಕ್ತ ತಲೆಗೇರುತ್ತದೆ. ಮಿದುಳಿನ ತಳದಲ್ಲಿ ಈ ನಾಲ್ಕೂ ಸಣ್ಣ ಸಣ್ಣ ಕೊಂಡಿನಾಳಗಳಿಂದ ಕೂಡಿಕೊಂಡು ಒಂದು ಉಂಗುರವಾಗುತ್ತವೆ. ಕನ್ಸೋಲ್ ಮುಂದೆ ಕೂತವರೆಲ್ಲರ ಬಾಯಲ್ಲೂ ಅದು 'ಸರ್ಕಲ್ ಆಫ್ ವಿಲ್ಲಿಸ್'. ಲಂಡನ್ನಿನಲ್ಲಿ ಕೆಲಸಕ್ಕಿರುವ ತಂಗಿಯ ಮಗಳು "ಮಾವ, ಒಂದ್ಸಲ ಬನ್ನಿ, ಊರು ತೋರಿಸ್ತೀನಿ" ಎಂದು ಕರೆದಾಗ ನಾನು ಕೇಳಿದ್ದು ಅರಮನೆಯನ್ನೂ ಅಲ್ಲ, ದೊಡ್ಡ ಗಡಿಯಾರವನ್ನೂ ಅಲ್ಲ. ಈ ಉಂಗುರ ಮನುಷ್ಯರ ಕಣ್ಣಿಗೆ ಬಿದ್ದ ಜಾಗಗಳನ್ನು.

ವಿಲ್ಲಿಸ್ 1664ರಲ್ಲಿ ಮಿದುಳಿನ ಅಂಗರಚನೆಯ ಬಗ್ಗೆ 'ಸೆರೆಬ್ರಿ ಅನಾಟಮಿ' ಎಂಬ ಲ್ಯಾಟಿನ್ ಪುಸ್ತಕ ಹೊರತಂದ. ಉಂಗುರವನ್ನು ಆತನಿಗಿಂತ ಮುಂಚೆಯೂ ಕೆಲವರು ಅಲ್ಲಿಷ್ಟು ಇಲ್ಲಿಷ್ಟು ಕಂಡಿದ್ದರು. ಆತನ ಹೆಚ್ಚುಗಾರಿಕೆ ಇರುವುದು ಅದು ಯಾಕಿದೆ ಎಂದು ಕೇಳಿಕೊಂಡದ್ದರಲ್ಲಿ. ಸತ್ತ ದೇಹದ ಒಂದು ಬದಿಯ ಕೆರೋಟಿಡ್‌ಗೆ ಬಣ್ಣದ ದ್ರವ ತುಂಬಿದ. ಅದು ಇನ್ನೊಂದು ಬದಿಯ ನಾಳದಿಂದ ಹೊರಬಂತು. ಬೇರೊಂದು ರೋಗದಿಂದ ತೀರಿಕೊಂಡ ಒಬ್ಬನ ತಲೆ ತೆರೆದಾಗ ಬಲಗಡೆಯ ಕೆರೋಟಿಡ್ ಒಳಗೆ ಕಲ್ಲಾಗಿ ಬಹುತೇಕ ಮುಚ್ಚಿಹೋಗಿತ್ತು. ಆದರೆ ಬದುಕಿದ್ದಾಗ ಆತನಿಗೆ ಲಕ್ವ ಹೊಡೆದಿರಲಿಲ್ಲ. ಅದೇ ಬದಿಯ ವರ್ಟಿಬ್ರಲ್ ಧಮನಿ ಇನ್ನೊಂದು ಬದಿಯದಕ್ಕಿಂತ ಮೂರುಪಟ್ಟು ದಪ್ಪವಾಗಿ ಬೆಳೆದಿತ್ತು. ಒಂದು ತೂಬು ಕಟ್ಟಿಕೊಂಡರೆ ಇನ್ನೊಂದು ತೂಬಿನ ನೀರು ಅದೇ ಗದ್ದೆಗೆ ಹರಿದುಬರುವಂತೆ, ಉಂಗುರವು ಮಿದುಳಿಗೆ ಬದಲಿ ದಾರಿ ಕೊಟ್ಟಿತ್ತು. ಇಂದಿಗೂ ಲಕ್ವದ ರೋಗಿಯ ಆ್ಯಂಜಿಯೊ ನೋಡುವ ನ್ಯೂರಾಲಜಿಸ್ಟ್ ಕೇಳುವುದು ಇದನ್ನೇ: ಬದಲಿ ದಾರಿ ಚೆನ್ನಾಗಿದೆಯೇ?

ಆ ಪುಸ್ತಕದ ಚಿತ್ರಗಳಲ್ಲಿ ಹಲವನ್ನು ಬರೆದವನು ಕ್ರಿಸ್ಟೋಫರ್ ರೆನ್, ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೀಡ್ರಲ್ ಕಟ್ಟಿಸಿದ ವಾಸ್ತುಶಿಲ್ಪಿ. ಮರ್ಟನ್ ಬೀದಿಯಿಂದ ನಡೆದುಹೋಗುವಷ್ಟು ದೂರದಲ್ಲಿ ಆತನದೇ ವಿನ್ಯಾಸದ ಶೆಲ್ಡೋನಿಯನ್ ಸಭಾಂಗಣವಿದೆ. ಅದರ ಕೆಲಸ ಶುರುವಾದದ್ದೂ 1664ರಲ್ಲೇ. ಒಳಗೆ ಹೋಗಿ ಚಾವಣಿ ನೋಡುತ್ತ ಕೂತೆವು. ಅಷ್ಟು ಅಗಲದ ಚಾವಣಿಗೆ ನಡುವೆ ಒಂದೂ ಕಂಬವಿಲ್ಲ. ಮಿದುಳಿನ ಅಡಿಯ ಕೂದಲೆಳೆಯ ನಾಳಗಳನ್ನು ಎಣಿಸಿ ಗೀಚಿದ ಕೈಯೇ ಇದನ್ನೂ ಗೀಚಿತು ಎಂಬುದನ್ನು ನನ್ನ ಮನಸ್ಸು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ನನ್ನನ್ನು ಇನ್ನೂ ಬೆರಗಾಗಿಸಿದ್ದು ರೆನ್ ಮಾಡಿದ ಮತ್ತೊಂದು ಕೆಲಸ. 1656ರಲ್ಲಿ ಇದೇ ಊರಿನಲ್ಲಿ ಆತ ನಾಯಿಯೊಂದರ ಅಭಿಧಮನಿಗೆ ಹಕ್ಕಿಗರಿಯ ಕೊಳವೆ ಚುಚ್ಚಿ, ಅದಕ್ಕೆ ಪ್ರಾಣಿಯ ಮೂತ್ರಕೋಶದ ಚೀಲ ಕಟ್ಟಿ, ವೈನಿನಲ್ಲಿ ಕರಗಿಸಿದ ಅಫೀಮನ್ನು ರಕ್ತಕ್ಕೆ ಸೇರಿಸಿದ. ನಾಯಿ ಮಂಪರಿಗೆ ಬಿತ್ತು, ಆಮೇಲೆ ಚೇತರಿಸಿಕೊಂಡಿತು. ಅದು ಹೆಸರುವಾಸಿಯಾಗಿ ಕೊನೆಗೆ ಯಾರೋ ಕದ್ದೊಯ್ದರು ಎಂದು ವಿಜ್ಞಾನಿ ರಾಬರ್ಟ್ ಬಾಯ್ಲ್ ಬರೆದಿಟ್ಟಿದ್ದಾನೆ. ನಾಳಕ್ಕೆ ಚುಚ್ಚುವ ಕ್ಯಾನುಲಾ ಮತ್ತು ದ್ರವ ಒತ್ತುವ ಇಂಜೆಕ್ಟರುಗಳ ಮೂಲರೂಪ ಅದು. ನಾನು ದಿನಾ ಮಾಡುವ ಕೆಲಸದ ಎರಡು ತುದಿಗಳು, ತೋಳಿನ ನಾಳಕ್ಕೆ ಏರಿಸುವ ದ್ರವ ಮತ್ತು ಮಿದುಳಿನ ಬುಡದ ಉಂಗುರ, ಒಂದೇ ಊರಿನಲ್ಲಿ, ಒಂದೇ ಗೆಳೆಯರ ಬಳಗದಲ್ಲಿ, ಹತ್ತು ವರ್ಷದ ಒಳಗೇ ಹುಟ್ಟಿದ್ದವು. ಅವೆರಡು ಒಂದು ಮೇಜಿನ ಮೇಲೆ ಕೂಡಲು ಮುನ್ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಸತ್ತವರ ತಲೆಯಲ್ಲಿ ಕಂಡದ್ದನ್ನು ಬದುಕಿರುವವರ ತಲೆಯಲ್ಲಿ ಕಾಣುವ ಬೆಳಕು ಇನ್ನೂ ಸಿಕ್ಕಿರಲಿಲ್ಲ.

ಆ ಬೆಳಕು ಸಿಕ್ಕಿದ್ದು 1895ರ ನವೆಂಬರಿನಲ್ಲಿ, ಜರ್ಮನಿಯ ವುರ್ಟ್ಸ್‌ಬುರ್ಗಿನಲ್ಲಿ, ಭೌತವಿಜ್ಞಾನಿ ರೋಂಟ್‌ಗೆನ್ ಕೈಗೆ. ಎಕ್ಸ್-ರೇ ಎಂಬ ಆ ಬೆಳಕಿಗೆ ಮೂಳೆ ಕಂಡಿತು, ಆದರೆ ನಾಳ ಕಾಣಲಿಲ್ಲ. ರಕ್ತವೂ ಮಿದುಳೂ ಅದರ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಎರಡೇ ತಿಂಗಳಲ್ಲಿ, 1896ರ ಜನವರಿಯಲ್ಲಿ, ವಿಯೆನ್ನಾದ ಇಬ್ಬರು ಕತ್ತರಿಸಿ ತೆಗೆದ ಕೈಯೊಂದರ ನಾಳಗಳಿಗೆ ಎಕ್ಸ್-ರೇ ತಡೆಯುವ ದ್ರವ ತುಂಬಿ ಚಿತ್ರ ತೆಗೆದರು. ಜೀವಂತ ಮನುಷ್ಯನ ತಲೆಗೆ ಅದನ್ನು ಮಾಡುವ ಧೈರ್ಯ ಬಂದದ್ದು ಲಿಸ್ಬನ್ನಿನಲ್ಲಿ. ಹಾಗಾಗಿ ನಮ್ಮ ಎರಡನೆಯ ನಿಲ್ದಾಣ ಲಿಸ್ಬನ್. ಲಂಡನ್ನಿನಿಂದ ವಿಮಾನದಲ್ಲಿ ಮೂರು ಗಂಟೆಯೂ ಇಲ್ಲ.

ಸಾಂತಾ ಮಾರ್ತಾ ಆಸ್ಪತ್ರೆ ಒಂದು ಕಾಲದಲ್ಲಿ ಕ್ರೈಸ್ತ ಸನ್ಯಾಸಿನಿಯರ ಮಠ. ನಡುವೆ ತೆರೆದ ಅಂಗಳ, ಸುತ್ತ ಕಮಾನಿನ ಮೊಗಸಾಲೆ, ಗೋಡೆಯ ತುಂಬ ನೀಲಿ-ಬಿಳಿ ಹೆಂಚುಗಳ ಚಿತ್ರ. ಇಂದಿಗೂ ಅದು ಕೆಲಸ ಮಾಡುವ ಆಸ್ಪತ್ರೆ. ಫೈಲು ಹಿಡಿದು ಕಾಯುವ ಮುದುಕಿಯರು, ಗಾಲಿಕುರ್ಚಿ ತಳ್ಳುವ ಮಕ್ಕಳು, ಅವಸರದಲ್ಲಿ ದಾಟುವ ನರ್ಸುಗಳು. ಮುಖಗಳನ್ನು ಬಿಟ್ಟರೆ ನಮ್ಮ ಒಪಿಡಿಯ ಬೆಳಗ್ಗೆಯೇ. ಇಲ್ಲಿ 1927ರ ಜೂನ್ 28ರಂದು ಎಗಾಶ್ ಮೊನಿಜ್ ಎಂಬ ನರರೋಗ ತಜ್ಞ ಜೀವಂತ ಮಿದುಳಿನ ಧಮನಿಗಳನ್ನು ಮೊದಲ ಬಾರಿಗೆ ಸ್ಪಷ್ಟವಾಗಿ ಚಿತ್ರದಲ್ಲಿ ಕಂಡ. ಆಗ ಆತನಿಗೆ 52 ವರ್ಷ. ಗೌಟ್ ರೋಗದಿಂದ ಕೈಬೆರಳು ಸೊಟ್ಟಗಾಗಿ ಸಿರಿಂಜ್ ಹಿಡಿಯಲು ಆಗುತ್ತಿರಲಿಲ್ಲ. ಚುಚ್ಚುವ ಕೆಲಸ ಕಿರಿಯ ಸಹೋದ್ಯೋಗಿ ಅಲ್ಮೇಯ್ಡಾ ಲಿಮಾನದು. ಕತ್ತು ಸೀಳಿ, ಕೆರೋಟಿಡ್ ಹೊರಗೆಳೆದು, ಕ್ಷಣಕಾಲ ಕಟ್ಟಿಹಿಡಿದು, 25 ಶೇಕಡಾ ಸೋಡಿಯಂ ಅಯೊಡೈಡ್ ದ್ರಾವಣ ಒತ್ತುವುದು, ಆ ಕ್ಷಣಕ್ಕೇ ಪ್ಲೇಟಿಗೆ ಎಕ್ಸ್-ರೇ ಬಿಡುವುದು. ಇದಕ್ಕೆ ಮುಂಚೆ ಬ್ರೋಮೈಡ್ ಬಳಸಿದ ಯತ್ನಗಳಲ್ಲಿ ಒಬ್ಬ ರೋಗಿಯ ಜೀವ ಹೋಗಿತ್ತು. ಜೂನಿನ ಆ ದಿನ ಮೇಜಿನ ಮೇಲಿದ್ದವನು ಪಿಟ್ಯುಟರಿ ಗೆಡ್ಡೆಯ ಒಬ್ಬ ಯುವಕ. ಗೆಡ್ಡೆ ಅವನ ಧಮನಿಗಳನ್ನು ಎಷ್ಟು ಪಕ್ಕಕ್ಕೆ ತಳ್ಳಿದೆ ಎಂದು ಪ್ಲೇಟು ತೋರಿಸಿತು.

ಆ ಅಂಗಳದಲ್ಲಿ ನಿಂತು ನಾನು ಯೋಚಿಸಿದ್ದು ಆ ರೋಗಿಗಳ ಬಗ್ಗೆ. ಅವರ ಹೆಸರುಗಳು ಪಠ್ಯಪುಸ್ತಕಗಳಲ್ಲಿಲ್ಲ. ಕತ್ತು ಒಡ್ಡಿದವರು ಅವರು. ಅವರಿಗೆ ನನ್ನ ಕಸುಬು ಋಣಿ. ಮೊನಿಜನ ಬಗ್ಗೆ ನನ್ನದೊಂದು ತೀರ್ಪೂ ಇದೆ. 1949ರ ನೊಬೆಲ್ ಆತನಿಗೆ ಬಂದದ್ದು ಈ ಕೆಲಸಕ್ಕಲ್ಲ, ಮನೋರೋಗಿಗಳ ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಗೆ. ಆ ಚಿಕಿತ್ಸೆ ಅದೆಷ್ಟೋ ಜನರ ವ್ಯಕ್ತಿತ್ವವನ್ನೇ ಕಸಿದುಕೊಂಡಿತು, ಇಂದು ಅದನ್ನು ಕೈಬಿಡಲಾಗಿದೆ. ನಾಳಗಳ ಚಿತ್ರಕ್ಕೂ ಆತನ ಹೆಸರು ನೊಬೆಲ್‌ಗೆ ಸೂಚಿತವಾಗಿತ್ತು. ಬಹುಮಾನ ಅದಕ್ಕೇ ಸಲ್ಲಬೇಕಿತ್ತು.

ಲಂಡನ್ನಿಗೆ ಮರಳಿ, ರೈಲು ಹಿಡಿದು ವಿಂಬಲ್ಡನ್ನಿಗೆ ಹೋದೆವು. ಎಲ್ಲರೂ ಟೆನ್ನಿಸ್ ಅಂಗಳದ ದಾರಿ ಹಿಡಿಯುವ ಊರಿನಲ್ಲಿ ನಾವು ಕೋಪ್ಸ್ ಹಿಲ್ ಎಂಬ ದಿಬ್ಬದ ದಾರಿ ಹಿಡಿದೆವು. ಅಲ್ಲಿದ್ದ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆ 2003ರಲ್ಲಿ ಮುಚ್ಚಿತು. ಅದರ ವಿಭಾಗಗಳು ಟೂಟಿಂಗಿನ ಸೇಂಟ್ ಜಾರ್ಜ್ಸ್ ಆಸ್ಪತ್ರೆಗೆ ಹೋದವು. ಹಳೆಯ ಇಟ್ಟಿಗೆ ಕಟ್ಟಡದಲ್ಲಿ ಈಗ ವಾಸದ ಮನೆಗಳು. ಕಿಟಕಿಗಳಲ್ಲಿ ಹೂಕುಂಡ, ಅಂಗಳದಲ್ಲಿ ಮಕ್ಕಳ ಸೈಕಲ್ಲು. "ಇಲ್ಲೇನೂ ಇಲ್ವಲ್ಲ ಮಾವ" ಎಂದಳು ಹುಡುಗಿ. ಇತ್ತು ಎಂದು ಹೇಳತೊಡಗಿದೆ.

1971ರ ಅಕ್ಟೋಬರ್ 1ರಂದು ಈ ಆಸ್ಪತ್ರೆಯಲ್ಲಿ, ಮಿದುಳಿನ ಗೆಡ್ಡೆಯ ಗುಮಾನಿಯಿದ್ದ ಒಬ್ಬ ಮಹಿಳೆಯ ತಲೆಯನ್ನು ಜಗತ್ತಿನ ಮೊದಲ ಸಿಟಿ ಯಂತ್ರದೊಳಗೆ ಇರಿಸಿದರು. ಯಂತ್ರ ಕಟ್ಟಿದವನು ಗಾಡ್‌ಫ್ರೀ ಹೌನ್ಸ್‌ಫೀಲ್ಡ್. ಆಸ್ಪತ್ರೆಯ ಕಡೆಯಿಂದ ನಿಂತವನು ರೇಡಿಯಾಲಜಿಸ್ಟ್ ಜೇಮ್ಸ್ ಆಂಬ್ರೋಸ್. ಹೌನ್ಸ್‌ಫೀಲ್ಡ್ ಕೆಲಸಕ್ಕಿದ್ದದ್ದು ಇಎಂಐ ಕಂಪನಿಯಲ್ಲಿ. ಗ್ರಾಮಫೋನಿನ ಮುಂದೆ ಕೂತು ಕಿವಿಗೊಟ್ಟ ನಾಯಿಯ ಚಿತ್ರವಿದ್ದ ಎಚ್‌ಎಂವಿ ತಟ್ಟೆಗಳು ನಮ್ಮ ಹಿರಿಯರ ಮನೆಗಳಲ್ಲಿದ್ದವಲ್ಲ, ಅದೇ ಕಂಪನಿ. ಆತನಿಗೆ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ, ಎಂಜಿನಿಯರಿಂಗ್ ಡಿಪ್ಲೊಮಾ ಇತ್ತು. ಯುದ್ಧಕಾಲದಲ್ಲಿ ವಾಯುಪಡೆಯಲ್ಲಿ ರೇಡಾರ್ ಕಲಿತಿದ್ದ. 1967ರಲ್ಲಿ ಆತನ ತಲೆಗೆ ಬಂದದ್ದು ಇಷ್ಟು: ಒಂದು ಮುಚ್ಚಿದ ವಸ್ತುವಿನ ಮೂಲಕ ಎಲ್ಲ ದಿಕ್ಕುಗಳಿಂದ ಕಿರಣ ಹಾಯಿಸಿ, ಎಷ್ಟು ಹೀರಿಕೆಯಾಯಿತು ಎಂದು ಅಳೆದರೆ, ಒಳಗಿನ ಒಂದೊಂದು ಬಿಂದುವಿನ ಸಾಂದ್ರತೆಯನ್ನೂ ಲೆಕ್ಕಹಾಕಿ ಹೇಳಬಹುದು. ಅದಕ್ಕೆ ಬೇಕಾದ ಗಣಿತವನ್ನು ಅಲನ್ ಕಾರ್ಮ್ಯಾಕ್ ಎಂಬ ಭೌತವಿಜ್ಞಾನಿ ಬೇರೆಯಾಗಿಯೇ ಬಿಡಿಸಿಟ್ಟಿದ್ದ. 1979ರ ನೊಬೆಲ್ ಇಬ್ಬರಿಗೂ ಬಂತು.

ಮೊದಲ ಪ್ರಯೋಗ ನಡೆದದ್ದು ಹಳೆಯ ಲೇಥ್ ಯಂತ್ರದ ಹಾಸಿನ ಮೇಲೆ. ಆ ಸಲಕರಣೆಗೆ ಒಂದು ಚಿತ್ರದ ಅಳತೆ ಮುಗಿಸಲು ಒಂಬತ್ತು ದಿನ ಹಿಡಿಯುತ್ತಿತ್ತು. ಅದನ್ನು ಲಂಡನ್ನಿನ ಸೈನ್ಸ್ ಮ್ಯೂಸಿಯಂ ಜೋಪಾನ ಮಾಡಿದೆ. ಆಸ್ಪತ್ರೆಗೆ ಬಂದ ಯಂತ್ರಕ್ಕೆ ಒಂದು ಸುತ್ತಿಗೆ ನಾಲ್ಕೈದು ನಿಮಿಷ ಸಾಕಿತ್ತು, ಆದರೆ ಲೆಕ್ಕ ಮಾಡುವ ಕಂಪ್ಯೂಟರ್ ಆಸ್ಪತ್ರೆಯಲ್ಲಿರಲಿಲ್ಲ. ಅಂಕಿಗಳನ್ನು ಮ್ಯಾಗ್ನೆಟಿಕ್ ಟೇಪಿನಲ್ಲಿ ತುಂಬಿಕೊಂಡು ಲಂಡನ್ನಿನ ಇನ್ನೊಂದು ಮಗ್ಗುಲಿನ ಕಂಪನಿಗೆ ಹೊತ್ತೊಯ್ಯಬೇಕು. ಅಲ್ಲಿಂದ ಚಿತ್ರ ಬರಬೇಕು. ಬಂದ ಚಿತ್ರದಲ್ಲಿ ಅಡ್ಡಕ್ಕೆ 80, ಉದ್ದಕ್ಕೆ 80 ಚುಕ್ಕಿ. ಆ ಒರಟು ಚುಕ್ಕಿಗಳ ನಡುವೆಯೇ ಎಡ ಮುಂಭಾಗದ ಗೆಡ್ಡೆ ಕಂಡಿತು. ಶಸ್ತ್ರಚಿಕಿತ್ಸಕ ತೆರೆದು ನೋಡಿದಾಗ ಅದು ಚಿತ್ರದಲ್ಲಿದ್ದಂತೆಯೇ ಇತ್ತು. ಅಯೊಡಿನ್ ದ್ರವವನ್ನು ಅಭಿಧಮನಿಗೆ ಕೊಟ್ಟು ಸ್ಕ್ಯಾನ್ ಮಾಡಿದರೆ ಚಿತ್ರ ಇನ್ನೂ ನಿಚ್ಚಳವಾಗುತ್ತದೆ ಎಂಬುದನ್ನೂ ಆಂಬ್ರೋಸ್ ಬೇಗನೇ ಕಂಡುಕೊಂಡ. ರೆನ್‌ನ ಗರಿ, ವಿಲ್ಲಿಸ್‌ನ ಉಂಗುರ, ಮೊನಿಜನ ಅಯೊಡಿನ್ ಮೂರೂ ಒಟ್ಟಿಗೆ ಬರುವ ದಾರಿ ಈ ದಿಬ್ಬದ ಮೇಲೆ ತೆರೆಯಿತು.

ಆಮೇಲಿನದು ವೇಗದ ಕಥೆ. ಕೇಬಲ್ಲು ಸುತ್ತಿಕೊಳ್ಳದೆ ಒಂದೇ ಸಮನೆ ತಿರುಗಬಲ್ಲ ಗ್ಯಾಂಟ್ರಿ (ರೋಗಿಯನ್ನು ಸುತ್ತುವ ಬಳೆ) ಬಂತು. 1989ರ ಹೊತ್ತಿಗೆ ರೋಗಿಯ ಮೇಜು ಸರಿಯುತ್ತಿರುವಾಗಲೇ ಸುರುಳಿಯಾಗಿ ಸ್ಕ್ಯಾನ್ ಮಾಡುವ ಹೆಲಿಕಲ್ ವಿಧಾನ ಬಂತು. 1998ರಲ್ಲಿ ಒಂದು ಸುತ್ತಿಗೆ ನಾಲ್ಕು ಸ್ಲೈಸ್ (ಅಡ್ಡಹೋಳಿನ ಚಿತ್ರ), ಕೆಲವೇ ವರ್ಷಗಳಲ್ಲಿ 64.

"ಅದೆಲ್ಲ ಸರಿ ಮಾವ, ನೀವು ಏನು ಮಾಡ್ತೀರಿ? ರೋಗಿ ಮಲಗಿದ ಮೇಲೆ ಏನಾಗುತ್ತೆ?" ಎಂದು ಕೇಳಿದಳು. ದಿಬ್ಬದ ಮೇಲೆ ಒಂದು ಬೆಂಚು ಸಿಕ್ಕಿತು. ನಾನು ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇನೆ, ಏಕೆಂದರೆ ನಾನು ಮಾಡಿದ ಪ್ರವಾಸಕ್ಕಿಂತ ಕೌತುಕದ ಪ್ರವಾಸ ಅದು. ಮುಗಿಯುವುದು ಅರ್ಧ ನಿಮಿಷದ ಒಳಗೆ.

ಮೊದಲು ದ್ರವವಿಲ್ಲದ ಸಾದಾ ಸ್ಕ್ಯಾನ್. ಮಿದುಳಿನಲ್ಲಿ ರಕ್ತಸ್ರಾವವಾಗಿದ್ದರೆ ಅಲ್ಲೇ ಬೆಳ್ಳಗೆ ಕಾಣುತ್ತದೆ. ನಂತರ ಮೊಣಕೈ ಒಳಮಡಿಕೆಯ ದಪ್ಪ ನಾಳದಲ್ಲಿ ಕ್ಯಾನುಲಾ, ಆದಷ್ಟೂ ಬಲಗೈಯಲ್ಲಿ. ಮೂತ್ರಪಿಂಡದ ತೊಂದರೆ ಇದೆಯೇ, ಹಿಂದೆ ಕಾಂಟ್ರಾಸ್ಟ್ ದ್ರವಕ್ಕೆ ಅಲರ್ಜಿ ಆಗಿತ್ತೇ ಎಂದು ವಿಚಾರಿಸುವುದು. ಇಂಜೆಕ್ಟರ್ ಒತ್ತಿದ ಕೂಡಲೇ ಸೆಕೆಂಡಿಗೆ ನಾಲ್ಕೈದು ಮಿಲಿಲೀಟರ್ ಲೆಕ್ಕದಲ್ಲಿ ಅಯೊಡಿನ್ ಕಾಂಟ್ರಾಸ್ಟ್ ಹೊರಡುತ್ತದೆ, ಹಿಂದೆಯೇ ಅದನ್ನು ದೂಡಲು ಸಲೈನ್. ಮೈತುಂಬ ಬಿಸಿ ಹರಿದಂತೆ, ಬಾಯಲ್ಲಿ ಲೋಹದ ರುಚಿ, ಮೂತ್ರ ಹೋಗಿಬಿಟ್ಟಿತೇನೋ ಎಂಬ ಅನುಮಾನ: ಇವೆಲ್ಲ ಆಗುತ್ತವೆ, ಹೆದರಬೇಡಿ ಎಂದು ಮೊದಲೇ ಹೇಳಿರುತ್ತೇವೆ.

ದ್ರವ ತೋಳು ಹತ್ತಿ, ಎದೆಯ ಮಹಾಸಿರೆಗೆ ಸೇರಿ, ಹೃದಯದ ಬಲಭಾಗಕ್ಕೆ ಬೀಳುತ್ತದೆ. ಅಲ್ಲಿಂದ ಶ್ವಾಸಕೋಶದ ಜಾಲದಲ್ಲಿ ಹರಡಿ, ಮತ್ತೆ ಒಂದಾಗಿ, ಹೃದಯದ ಎಡಭಾಗಕ್ಕೆ ಬಂದು ಮಹಾಧಮನಿಯ ಬಿಲ್ಲಿಗೆ ಚಿಮ್ಮುತ್ತದೆ. ಆ ಬಿಲ್ಲಿನ ಮೇಲೆ ನಾನು ಪುಟ್ಟ ವೃತ್ತ ಗುರುತಿಸಿಟ್ಟಿರುತ್ತೇನೆ. ಯಂತ್ರ ಅದೇ ಜಾಗವನ್ನು ಮತ್ತೆ ಮತ್ತೆ ನೋಡುತ್ತ ಅಂಕಿ ಹೇಳುತ್ತದೆ. ಈ ಅಂಕಿಗೆ ಹೌನ್ಸ್‌ಫೀಲ್ಡ್ ಎಂದೇ ಹೆಸರು: ನೀರು ಸೊನ್ನೆ, ಗಾಳಿ ಮೈನಸ್ 1000, ಸಾದಾ ರಕ್ತ ಸುಮಾರು 40. ನಲವತ್ತರಲ್ಲೇ ನಿಂತ ಅಂಕಿ ಹದಿನೈದು ಇಪ್ಪತ್ತು ಸೆಕೆಂಡಿನ ಹೊತ್ತಿಗೆ ಸಟ್ಟನೆ ಏರತೊಡಗುತ್ತದೆ. ಗುರುತಿಟ್ಟ ಮಿತಿ ದಾಟಿತೋ, "ಅಲುಗಾಡಬೇಡಿ, ಎಂಜಲು ನುಂಗಬೇಡಿ" ಎಂಬ ಧ್ವನಿ, ಮೇಜು ಸರಿಯುತ್ತದೆ. ಎದೆಯಿಂದ ನೆತ್ತಿಯವರೆಗೆ ಐದಾರು ಸೆಕೆಂಡು. ತಡವಾದರೆ ಕೆಟ್ಟಿತು: ಧಮನಿ ಹೊಕ್ಕ ರಕ್ತ ಕೆಲವೇ ಸೆಕೆಂಡಿನಲ್ಲಿ ಮಿದುಳು ದಾಟಿ ಸಿರೆಗಳಿಗೆ ಇಳಿಯುತ್ತದೆ, ಎರಡೂ ಬೆಳಗಿ ಕಲಸಿಹೋಗುತ್ತವೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಷ್ಟೇ ಇರುವ ಮಿದುಳು ನಿಮಿಷಕ್ಕೆ ಮುಕ್ಕಾಲು ಲೀಟರ್ ರಕ್ತ ಬೇಡುತ್ತದೆ.

ಒಂದು ಮಿಲಿಮೀಟರಿಗಿಂತ ತೆಳುವಾದ ನೂರಾರು ಸ್ಲೈಸ್‌ಗಳು ಕಂಪ್ಯೂಟರಿಗೆ ಬರುತ್ತವೆ. ಮೂಳೆಯನ್ನು ಲೆಕ್ಕದಿಂದಲೇ ಕಳೆದು ಹಾಕಿದರೆ ಪರದೆಯ ಮೇಲೆ ಉಳಿಯುವುದು ಬರೀ ನಾಳಗಳ ಮರ, ಅದರ ನಡುವೆ ಆ ಉಂಗುರ. ಮೌಸ್ ಹಿಡಿದು ತಿರುಗಿಸಿದರೆ ಮೇಲಿನಿಂದ, ಕೆಳಗಿನಿಂದ, ಹಿಂದಿನಿಂದ ನೋಡಬಹುದು. ಉಂಗುರ ಪುಸ್ತಕದಲ್ಲಿರುವಂತೆ ಪೂರ್ತಿಯಾಗಿ ಇರುವವರು ಅರ್ಧಕ್ಕಿಂತ ಕಡಿಮೆ. ಒಬ್ಬರಿಗೆ ಹಿಂದಿನ ಕೊಂಡಿಯಿಲ್ಲ, ಇನ್ನೊಬ್ಬರಿಗೆ ಮುಂದಿನದು ನೂಲಿನಷ್ಟು ಸಣ್ಣ. ಇಷ್ಟು ವರ್ಷ ನೋಡಿದರೂ ನನಗೆ ಸಾಕಾಗಿಲ್ಲ. ಪ್ರತಿ ತಲೆಯೊಳಗೂ ಅದರದೇ ಆದ ಉಂಗುರ.

ಇದರಲ್ಲೇ ಆಪತ್ತೂ ಕಾಣುತ್ತದೆ. ಧಮನಿಯ ಕವಲಿನಲ್ಲಿ ಎರಡು ಮೂರು ಮಿಲಿಮೀಟರಿನ ಉಬ್ಬು, ಒಡೆದರೆ ಜೀವಕ್ಕೆ ಸಂಚಕಾರ. ನಡುಮಿದುಳಿನ ಧಮನಿ ಎಂದು ಕರೆಯುವ ದೊಡ್ಡ ಕವಲು ಬೆಳಗುತ್ತ ಬಂದು ಒಂದು ಕಡೆ ಥಟ್ಟನೆ ನಿಂತುಬಿಡುವುದು. ಅಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡಿದೆ ಎಂದರ್ಥ. ತಲೆಬುರುಡೆಯೊಳಗಿನ ಧಮನಿಗಳೇ ಕೊಬ್ಬು ಕಟ್ಟಿ ಕಿರಿದಾಗುವುದು ಯುರೋಪಿನವರಿಗಿಂತ ಏಷ್ಯಾದ ನಮ್ಮಲ್ಲಿ ಹೆಚ್ಚು. ಮೊನಿಜನ ಕಾಲದಲ್ಲಿ ಇದನ್ನು ನೋಡಲು ಕತ್ತು ಸೀಳಬೇಕಿತ್ತು, ನೋಡಿದ ಮೇಲೂ ಮಾಡುವುದಕ್ಕೆ ಹೆಚ್ಚೇನೂ ಇರಲಿಲ್ಲ. ಈಗ ಸ್ರಾವವಿಲ್ಲದ ಲಕ್ವಕ್ಕೆ ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ದೊಡ್ಡ ನಾಳವೇ ಕಟ್ಟಿದ್ದರೆ ತೊಡೆಸಂದಿಯಿಂದ ಕೊಳವೆ ಹಾಯಿಸಿ ಹೆಪ್ಪನ್ನೇ ಎಳೆದು ತೆಗೆಯುವ ಚಿಕಿತ್ಸೆ ಇದೆ. 2015ರಲ್ಲಿ ಬಂದ ಅಧ್ಯಯನಗಳು ಅದರ ಉಪಯೋಗವನ್ನು ಸಂಶಯಕ್ಕೆಡೆಯಿಲ್ಲದಂತೆ ತೋರಿಸಿದವು. ಬದಲಿ ದಾರಿಗಳು ಮಿದುಳನ್ನು ಉಳಿಸಿಕೊಂಡಿರುವ ಕೆಲವು ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ಅದನ್ನು ಮಾಡಬಹುದು. ಯಾರಿಗೆ ಯಾವುದು ಎಂದು ನಿರ್ಧರಿಸಲು ಈ ಚಿತ್ರ ಬೇಕೇಬೇಕು.

ಹುಡುಗಿ ಸುಮ್ಮನೆ ಕೇಳುತ್ತಿದ್ದಳು. ಆಮೇಲೆ, "ಹಾಗಾದ್ರೆ ನಮ್ಮ ಊರಲ್ಲಿ ಲಕ್ವ ಹೊಡೆದವರು ಯಾಕೆ ಹಾಗೇ ಉಳಿದುಬಿಡ್ತಾರೆ?" ಎಂದಳು.

ತಡವಾಗಿ ಬರುತ್ತಾರೆ, ಅದಕ್ಕೆ. ರಾತ್ರಿ ಊಟದ ಹೊತ್ತಿಗೆ ಮಾತು ತೊದಲಿರುತ್ತದೆ, ಮಲಗಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಬೆಳಗ್ಗೆ ಕೈ ಎತ್ತಲಾಗುವುದಿಲ್ಲ, ಎಣ್ಣೆ ತಿಕ್ಕುತ್ತಾರೆ, ನಾಟಿ ಔಷಧಿಗೆ ಕರೆದೊಯ್ಯುತ್ತಾರೆ, ಮೂರನೆಯ ದಿನ ನನ್ನ ಮೇಜಿನ ಮೇಲೆ ಮಲಗಿಸುತ್ತಾರೆ. ಯಂತ್ರ ಆಗಲೂ ಅಷ್ಟೇ ಚೆಂದದ ಚಿತ್ರ ಕೊಡುತ್ತದೆ. ಆದರೆ ದೊಡ್ಡ ಧಮನಿ ಕಟ್ಟಿಕೊಂಡಾಗ ಸರಾಸರಿ ನಿಮಿಷಕ್ಕೆ ಹತ್ತೊಂಬತ್ತು ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಲೆಕ್ಕವಿದೆ. ಮೂರು ದಿನದ ಮೇಲೆ ಉಳಿಸಲು ಅಲ್ಲಿ ಏನೂ ಇರುವುದಿಲ್ಲ.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ, ಒಂದು ಕಣ್ಣು ಮಂಜಾದರೆ, ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದಿಟ್ಟುಕೊಳ್ಳಿ. ಬಾಯಿಗೆ ನೀರು, ಮಾತ್ರೆ ಏನನ್ನೂ ಹಾಕಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆಮಾಡಿ, ಸಿಟಿ ಸ್ಕ್ಯಾನ್ ಮತ್ತು ಲಕ್ವದ ಚಿಕಿತ್ಸೆ ಎರಡೂ ಇರುವ ಆಸ್ಪತ್ರೆಗೆ ನೇರವಾಗಿ ಹೋಗಿ. ಅಂಥ ಆಸ್ಪತ್ರೆ ನಿಮ್ಮ ಊರಿಗೆ ಯಾವುದು ಹತ್ತಿರ ಎಂಬುದನ್ನು ಇವತ್ತೇ ವಿಚಾರಿಸಿ ತಿಳಿದುಕೊಳ್ಳಿ.